ಹಗಲು ಮಲಗುವವರ ಮನೆ

ಆ ಮನೆಗೆ ಯಾವ ಹೊತ್ತಿನಲ್ಲಿ ಹೋದರೂ ಯಾರಾದರೊಬ್ಬರು ಮಲಗಿರುತ್ತಿದ್ದರು. ನರ್ಸಿಗೆ ರಾತ್ರಿ ಪಾಳಿ. ಬೇಕರಿಯವಳು ಬೆಳಕು ಹರಿಯುವ ಮೊದಲೇ ಹಿಟ್ಟು ನಾದಲು ಹೋಗಿ, ಸಂಜೆಗೇ ಕಣ್ಣು ಮುಚ್ಚುವವಳು. ಮೂರನೆಯವಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನಕ್ಷೆ ತಿದ್ದುವವಳು. ಅವಳಿಗೆ ಕೆಲಸ ಕೊಡುವವರ ದೇಶದಲ್ಲಿ ಸೂರ್ಯ ಹುಟ್ಟುವಾಗ ಇಲ್ಲಿ ಮುಳುಗಿರುತ್ತಿದ್ದ. ಮೂವರೂ ಮೂವತ್ತೆಂಟರ ಆಸುಪಾಸಿನವರು. ಒಬ್ಬೊಬ್ಬರಿಗೇ ಬಾಡಿಗೆ ನೀಗದೆ ಒಂದೇ ಸೂರಿನಡಿ ಸೇರಿ ಆರು ವರ್ಷವಾಗಿತ್ತು. ಗಾಳಿಗೆ ಆರದಂತೆ ದೇವರ ದೀಪಕ್ಕೆ ಅಂಗೈ ಅಡ್ಡ ಹಿಡಿಯುವ ಹಾಗೆ, ಮಲಗಿದವಳ ನಿದ್ದೆಯನ್ನು ಎಚ್ಚರವಿದ್ದವರು ಕಾಯುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ನರ್ಸಿಗೆ ನಿದ್ದೆ ಬಂದಿರಲಿಲ್ಲ. ಮಂಚದ ಕೆಳಗೆ ಪೆಟ್ಟಿಗೆ ಸಿದ್ಧವಾಗಿತ್ತು. ಮರುದಿನ ಅಣ್ಣನ ಗಾಡಿ ಬರುವುದಿತ್ತು. "ಈ ವಯಸ್ಸಿಗೆ ಹೇಳ್ಕೊಳ್ಳೋಕೆ ಒಂದು ಮನೆ ಅಂತ ಬೇಡ್ವೇನೇ? ಹಿಂದಿನ ಕೋಣೆ ಖಾಲಿ ಇದೆ, ಬಂದ್ಬಿಡು" ಅಂದಿದ್ದ. ಹೂಂ ಅಂದುಬಿಟ್ಟಿದ್ದಳು. ಈ ಇಬ್ಬರಿಗೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಪರದೆಯಾಚೆ ಕುರ್ಚಿ ಎಳೆದ ಸದ್ದು. ಜನಗಣತಿಗೆ ಬಂದ ಶಾಲೆಯ ಟೀಚರು.

"ಎಣಿಕೆ ಭಾನುವಾರ ರಾತ್ರಿದು. ಅವತ್ತು ಈ ಮನೇಲಿ ಮಲಗೋರು ಎಷ್ಟು ಜನ?"

"ರಾತ್ರಿನಾ? ಯಾರೂ ಇಲ್ಲ" ಎಂದಳು ನಕ್ಷೆಯವಳು ಪಿಸುದನಿಯಲ್ಲಿ. "ಬೇಕರಿಗೆ ಹೋಗೋ ಇವಳು ಅರ್ಧ ರಾತ್ರಿ ಮಲಗ್ತಾಳೆ. ಅರ್ಧ ಅಂತ ಬರೀಬಹುದಾ?"

"ಮನುಷ್ಯರನ್ನ ಅರ್ಧ ಬರಿಯೋಕಾಗಲ್ಲಮ್ಮ. ಸ್ವಲ್ಪ ಜೋರಾಗಿ ಮಾತಾಡಿ."

"ಆಗಲ್ಲ ಟೀಚರ್. ಅಕ್ಕ ಮಲಗಿದ್ದಾಳೆ."

ಟೀಚರು ದನಿ ತಗ್ಗಿಸಿದರು. "ನಾನೂ ನಿಮ್ಮ ವಾರಿಗೆಯವಳೇ. ಬೆಳಗ್ಗೆಯಿಂದ ನಮ್ಮ ವಯಸ್ಸಿನವರ ಫಾರಂ ತುಂಬಿ ತುಂಬಿ ಬಾಯಿಪಾಠ ಆಗಿದೆ. ಮದುವೆ, ಇಲ್ಲ. ಸ್ವಂತ ಮನೆ, ಇಲ್ಲ. ಕೆಲಸ, ಎರಡು."

"ನಂದು ಮೂರು ಅಂತ ಬರ್ಕೊಳ್ಳಿ" ಎಂದಳು ಬೇಕರಿಯವಳು. "ಇವಳು ಉಂಡ ತಟ್ಟೆ ತೊಳೆಯೋದೂ ನಾನೇ."

"ಒಲೆ ಒಂದೇ ತಾನೇ? ಹಾಗಿದ್ರೆ ಒಂದೇ ಕುಟುಂಬ. ಮನೆಗೆ ಯಜಮಾನಿ ಯಾರು?"

ಇಬ್ಬರೂ ಏನೂ ಯೋಚಿಸದೆ ಪರದೆಯ ಕಡೆ ಕೈ ತೋರಿಸಿದ್ದು ನೆರಳಿನಲ್ಲಿ ಕಂಡಿತು.

"ನಿಮ್ಮ ಒಡಹುಟ್ಟಿದವಳಾ?"

"ಅಲ್ಲ. ನಮಗಿಂತ ಆರು ತಿಂಗಳಿಗೆ ದೊಡ್ಡವಳು."

"ಮತ್ತೆ ಸಂಬಂಧ ಏನು ಅಂತ ಬರೀಲಿ?"

ಒಲೆಯ ಮೇಲಿನ ಸಾರು ಮೆಲ್ಲಗೆ ಕುದಿಯುತ್ತಿತ್ತು. ಆಮೇಲೆ ಬೇಕರಿಯವಳು ಹೇಳಿದಳು: "ಅವಳು ಮಲಗಿದ್ರೆ ನಾವು ಕುಕ್ಕರ್ ಕೂಗಿಸಲ್ಲ ಟೀಚರ್. ಅದಕ್ಕೆ ಏನಂತಾರೋ ಅದನ್ನೇ ಬರ್ಕೊಳ್ಳಿ."

ನರ್ಸು ಗೋಡೆಯ ಕಡೆ ಹೊರಳಿದಳು. ಹೋದ ತಿಂಗಳು ಅಣ್ಣನ ಮನೆಯಲ್ಲಿ ತಂಗಿದ್ದ ಎರಡು ದಿನ ನೆನಪಾಯಿತು. ಪಾಳಿ ಮುಗಿಸಿ ಬಂದು ಮಲಗಿದರೆ ಪಕ್ಕದಲ್ಲೇ ಟೀವಿ. "ಹಗಲೆಲ್ಲ ಮಲಗಿದ್ರೆ ಮನೆಗೆ ಶ್ರೇಯಸ್ಸಾ?" ಎನ್ನುತ್ತ ಅತ್ತಿಗೆ ಪಾತ್ರೆ ಕುಕ್ಕಿದ್ದಳು. ಕೆಟ್ಟವಳೇನಲ್ಲ. ಆ ಮನೆಯಲ್ಲಿ ಎಲ್ಲರೂ ರಾತ್ರಿ ಮಲಗುವವರು, ಅಷ್ಟೇ.

"ಭಾನುವಾರ ಇಲ್ಲೇ ಇರ್ತೀನಿ ಅಂತ ಆಕೆಯೇ ಹೇಳಬೇಕು. ಎಬ್ಬಿಸ್ತೀರಾ?" ಟೀಚರು ಕೇಳಿದರು.

"ಎಬ್ಬಿಸಲ್ಲ. ನೀವೇ ಬೇಕಾದ್ರೆ ಸ್ವಲ್ಪ ಕೂತಿರಿ."

ಟೀಚರು ಕುರ್ಚಿಗೆ ಒರಗಿದ ಸದ್ದಾಯಿತು. ಕಿಟಕಿಯಿಂದ ಬಂದ ಬಿಸಿಲು ಪರದೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಹುದುಗು ಬಂದ ಹಿಟ್ಟಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ನರ್ಸು ಕೊನೆಗೆ ಎದ್ದು ಪರದೆ ಸರಿಸಿದಳು.

ಟೀಚರು ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಪಾದ ತುಂಬ ಧೂಳು, ಮಡಿಲಲ್ಲಿ ಹಾಳೆಗಳ ಕಟ್ಟು. ಬೇಕರಿಯವಳು ಒಲೆ ಆರಿಸಿ ಉಸಿರು ಬಿಗಿಹಿಡಿದು ನಿಂತಿದ್ದಳು. ನಕ್ಷೆಯವಳು ಹೊರಗಿನ ಬಾಗಿಲಿಗೆ ಬಟ್ಟೆ ಸಿಕ್ಕಿಸುತ್ತಿದ್ದಳು, ಗಾಳಿಗೆ ಬಡಿಯದಿರಲೆಂದು.

ನರ್ಸಿನ ಕೈಯಲ್ಲಿದ್ದ ಫೋನು ನಡುಗಿತು. ಅಣ್ಣ. ಸದ್ದಾಗುವ ಮೊದಲೇ ಅದನ್ನು ಒತ್ತಿಹಿಡಿದು ಸುಮ್ಮನಾಗಿಸಿ, ನಿಂತಲ್ಲೇ ಬರೆದಳು: "ಅಣ್ಣಾ, ನಾಳೆ ಗಾಡಿ ಕಳಿಸಬೇಡ. ಭಾನುವಾರ ಇಲ್ಲಿ ನನ್ನನ್ನು ಎಣಿಸುತ್ತಾರೆ. ಆಮೇಲೆ ಒಂದು ದಿನ ಊಟಕ್ಕೆ ಬರುತ್ತೇನೆ."

"ಎದ್ಯೇನೇ? ಟೀಚರ್‌ಗೆ ಒಂದು ಮಾತು ಹೇಳಬೇಕಂತೆ ನೀನು" ಎಂದಳು ನಕ್ಷೆಯವಳು ಬರೀ ತುಟಿಯಲ್ಲಿ.

ನರ್ಸು ಬೆರಳನ್ನು ಬಾಯಿಗಿಟ್ಟು, ಟೀಚರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಕೂತಳು.

"ಹೇಳ್ತೀನಿ. ಪಾಪ, ಅವರಾಗೇ ಏಳಲಿ."