ಕೌದಿ ಮೂಲೆಯ ಕುಂಕುಮ

ಗೋವಿನಕೋವಿಯ ಗೋಣೆಪ್ಪ ಮೂರು ವರ್ಷದಲ್ಲಿ ನಾಲ್ಕು ಸಲ ಸತ್ತ. ನ್ಯಾಮತಿಯಲ್ಲಿ ಬಾವಿಯ ಕಲ್ಲು ತಲೆ ಮೇಲೆ ಬಿದ್ದು ಸತ್ತ, ಬಸವಾಪಟ್ಟಣದಲ್ಲಿ ಹಾವು ಕಚ್ಚಿ ಸತ್ತ, ಚನ್ನಗಿರಿಯಲ್ಲಿ ಪ್ಲೇಗು ಬಂದು ಸತ್ತ. ಹೊನ್ನಾಳಿಗೆ ಬರುವ ಹೊತ್ತಿಗೆ ಹೊಸ ಸಾವು ಹೊಳೆಯದೆ ಮತ್ತೆ ಬಾವಿಯ ಕಲ್ಲಿಗೇ ತಲೆ ಕೊಟ್ಟ. ಈ ಸುದ್ದಿಯನ್ನೆಲ್ಲ ಊರೂರಿಗೆ ಹೊತ್ತುಕೊಂಡು ಹೋದವನು ಬೇರೆ ಯಾರೂ ಅಲ್ಲ, ಅವನೇ. ಎಡಗಾಲು ಕುಂಟುತ್ತಿತ್ತು, ಹೆಗಲ ಮೇಲೆ ಕೌದಿಯ ಗಂಟಿರುತ್ತಿತ್ತು. ಉಳಿದಂತೆ ಆಳು ಗಟ್ಟಿಮುಟ್ಟಾಗಿದ್ದ, ಎರಡು ಹೊತ್ತು ಚೆನ್ನಾಗಿ ಉಣ್ಣುತ್ತಿದ್ದ.

ಅವನ ಕಸುಬು ಬಾವಿ ತೋಡುವುದು. ಗೋಣೆಪ್ಪ ಹಾರೆ ಹಾಕಿದಲ್ಲಿ ನೀರು ಬಾರದೆ ಇಲ್ಲ ಎಂದು ಸುತ್ತಲಿನವರು ಹೇಳುತ್ತಿದ್ದರು. ಆ ಮಾತು ಕೇಳಿ ಕೇಳಿ ಅವನ ಮೀಸೆ ದಪ್ಪವಾಗಿತ್ತು. ಜರ್ಮನಿ ಯುದ್ಧ ಶುರುವಾದ ಮರುವರ್ಷ ಯಾರದೋ ತೋಟದ ಬಾವಿಯಲ್ಲಿ ಮೇಲಿಂದ ಕಲ್ಲೊಂದು ಜಾರಿ ಪಾದದ ಮೇಲೆ ಬಿತ್ತು. ಗಾಯ ಮಾಯಿತು, ಪಾದ ನೆಟ್ಟಗಾಗಲಿಲ್ಲ. ಹೆಣ್ಣುಮಕ್ಕಳಿಬ್ಬರನ್ನೂ ಅಷ್ಟರಲ್ಲಿ ಮದುವೆ ಮಾಡಿ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದವರು ಅವನು, ಅವನ ಹೆಂಡತಿ ಕಾಟಮ್ಮ, ಮೂಲೆಗೆ ಒರಗಿಸಿಟ್ಟ ಹಾರೆ. ಹಾರೆಯನ್ನು ನೋಡಿದಾಗೆಲ್ಲ ಗೋಣೆಪ್ಪನಿಗೆ ಸಿಟ್ಟು ಬರುತ್ತಿತ್ತು.

ಕಾಟಮ್ಮ ಜಗಳೂರು ಕಡೆಯ ಹೆಣ್ಣುಮಗಳು. ಅವಳ ತವರಿನಲ್ಲಿ ಸೂಜಿ ಹಿಡಿಯಲು ಬಾರದ ಹೆಂಗಸೇ ಇರಲಿಲ್ಲ. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳೆಂದರೆ ಹದಿನೈದು ದಿನಕ್ಕೊಂದು ಕೌದಿ. ಮುಗಿಸುವ ದಿನ ಕೊನೆಯ ಮೂಲೆಯೊಳಗೆ ಜೋಳದ ರೊಟ್ಟಿಯ ಒಂದು ಚೂರಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದ ಹೊಟ್ಟೆಯಲ್ಲಿ ಮನೆ ಬಿಟ್ಟು ಹೋಗಬಾರದು, ಹೊದ್ದವರಿಗೆ ಒಳ್ಳೆಯದಲ್ಲ. ಆಮೇಲೆ ತನ್ನ ಹಣೆಯ ಕುಂಕುಮವನ್ನು ಬೆರಳಲ್ಲಿ ತೆಗೆದು ಆ ಮೂಲೆಗೆ ಒತ್ತುತ್ತಿದ್ದಳು. ಅವಳವ್ವ ಹಾಗೆ ಮಾಡುತ್ತಿದ್ದಳು, ಅವಳೂ ಮಾಡುತ್ತಿದ್ದಳು.

"ಇವನ್ನ ಮಾರಿದ್ರೆ ಹೆಂಗೆ?" ಎಂದು ಮೊದಲು ಕೇಳಿದವಳೂ ಅವಳೇ.

"ಕೌದಿ ಯಾರಾದ್ರೂ ಮಾರ್ತಾರೇನೇ?" ಎಂದ ಗೋಣೆಪ್ಪ. ಆದರೂ ಹೊನ್ನಾಳಿ ಸಂತೆಗೆ ಎರಡು ಕೌದಿ ಹೊತ್ತುಕೊಂಡು ಹೋಗಿ ಹಾಸಿ ಕುಳಿತ. ಬಂದವರು ಮುಟ್ಟಿ ನೋಡಿದರು, ಯಾರು ಉಟ್ಟು ಬಿಟ್ಟ ಬಟ್ಟೆಯೋ ಎಂದು ಕೈ ಒರೆಸಿಕೊಂಡು ಹೋದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಹಿಂದೆ ಜೊತೆಯಲ್ಲಿ ಬಾವಿ ತೋಡುತ್ತಿದ್ದ ಚಿಕ್ಕಹನುಮಂತಪ್ಪ ಎದುರಿಗೇ ನಿಂತು, ಹತ್ತು ಜನಕ್ಕೆ ಕೇಳುವ ಹಾಗೆ, "ಏನೋ ಗೋಣೆಪ್ಪ, ಈಗ ಹೆಂಡ್ತಿ ಸೂಜಿ ಮ್ಯಾಲೆ ನಿನ್ನ ಊಟ ಅನ್ನು!" ಎಂದ. ಸುತ್ತಲಿದ್ದವರು ನಕ್ಕರು. ಗೋಣೆಪ್ಪ ಕೌದಿ ಮಡಚಿದ. ಮನೆ ಮುಟ್ಟುವವರೆಗೂ ಮುಖ ಮೇಲೆತ್ತಲಿಲ್ಲ.

ಸಂತೆ ಬೇಡವೆನಿಸಿ ಮನೆಮನೆಗೆ ಹೋಗಲು ಶುರು ಮಾಡಿದ. ಪರವೂರಿನಿಂದ ಬಂದ ಗುಮಾಸ್ತರು, ಮೇಷ್ಟ್ರುಗಳು, ಇವರ ಮನೆಯಲ್ಲಿ ಕೌದಿ ಹೊಲಿಯುವ ಅಜ್ಜಿ ಇರುವುದಿಲ್ಲ, ಚಳಿ ಮಾತ್ರ ಎಲ್ಲರಿಗೂ ಇರುತ್ತದೆ ಎಂಬುದು ಅವನ ಲೆಕ್ಕಾಚಾರ. ಆ ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ನ್ಯಾಮತಿಯಲ್ಲಿ ಮೇಷ್ಟ್ರ ಹೆಂಡತಿ ಕೌದಿಯನ್ನು ಮಡಿಲ ಮೇಲೆ ಹರವಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿ, "ಎಷ್ಟು ಚೆನ್ನಾಗಿದೆಯಪ್ಪ! ಯಾರು ಹೊಲಿದದ್ದು?" ಎಂದು ಕೇಳಿದರು.

ಗೋಣೆಪ್ಪನಿಗೆ ಚಿಕ್ಕಹನುಮಂತಪ್ಪನ ನಗು ನೆನಪಾಯಿತು. ನನ್ನ ಹೆಂಡತಿ ಎನ್ನಲು ನಾಲಿಗೆ ಹೊರಳಲಿಲ್ಲ.

"ನಮ್ಮೂರಾಗೆ ಒಬ್ಬಾಕೆ ಅದಾಳೆ ತಾಯಿ," ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆಕೆ ಕಣ್ಣೆತ್ತಿ ನೋಡಿದರು, ಇವನಿಗೆ ಮಾತು ಸಾಲದೆನಿಸಿತು. "ಪಾಪ, ಗಂಡ ಇಲ್ಲ. ಬಾವ್ಯಾಗೆ ಕಲ್ಲು ಬಿದ್ದು ಹೋಗ್ಬಿಟ್ಟ."

ಆಕೆಯ ಮುಖ ಮೆತ್ತಗಾಯಿತು. ಚೌಕಾಸಿ ಮಾಡದೆ ಕೊಂಡರು, ಮೇಲೊಂದು ಸೇರು ಅಕ್ಕಿಯನ್ನೂ ಹಾಕಿದರು.

ಇಂಥ ರುಚಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ಗೋಣೆಪ್ಪ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಬಸವಾಪಟ್ಟಣಕ್ಕೆ ಹೋದ, ಚನ್ನಗಿರಿಗೆ ಹೋದ, ಹೋದಲ್ಲೆಲ್ಲ ಸತ್ತ, ಕೌದಿ ಮಾರಿದ. ಒಂದೇ ಒಂದು ತೊಡಕಿತ್ತು. ವಿಧವೆ ಹೊಲಿದ ಕೌದಿಯ ಮೂಲೆಯಲ್ಲಿ ಕುಂಕುಮ ಎಲ್ಲಿಂದ ಬರಬೇಕು? ಊರು ದಾಟಿದ ಮೇಲೆ ಒಂದು ಹಳ್ಳವಿದೆ. ಅಲ್ಲಿ ಗಂಟು ಬಿಚ್ಚಿ, ಹೆಬ್ಬೆರಳು ಒದ್ದೆ ಮಾಡಿಕೊಂಡು, ಮೂಲೆಯ ಕುಂಕುಮವನ್ನು ಉಜ್ಜಿ ತೆಗೆಯುತ್ತಿದ್ದ. ಮೊದಲ ಸಲ ಅರ್ಧ ಉಜ್ಜಿ ನಿಲ್ಲಿಸಿದ್ದ, ಆಮೇಲೆ ಅಭ್ಯಾಸವಾಯಿತು. ಆದರೂ ಉಜ್ಜುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡುವುದು ಮಾತ್ರ ತಪ್ಪಲಿಲ್ಲ.

ತಿರುಗಿ ಬಂದಾಗಲೆಲ್ಲ ಕಾಟಮ್ಮ ಕಾಲಿಗೆ ನೀರು ಕೊಟ್ಟು ಮೊದಲು ಕೇಳುತ್ತಿದ್ದದ್ದು ದುಡ್ಡಿನ ಮಾತಲ್ಲ.

"ಯಾರು ಹೊಲಿದದ್ದು ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದ್ರಿ?"

"ಏನನ್ನಾಕೆ ಐತೆ? ನನ್ನ ಹೆಂಡ್ತಿ ಅಂದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಆ ದಿನದ ಸಾರಿಗೆ ಒಗ್ಗರಣೆ ಸ್ವಲ್ಪ ಜಾಸ್ತಿ ಬೀಳುತ್ತಿತ್ತು. ಗೋಣೆಪ್ಪನಿಗೆ ಆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಇಳಿಯುತ್ತಿತ್ತು. ಆಮೇಲೆ ನೆನೆಸಿಕೊಂಡಾಗ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅದಕ್ಕೇ.

ನಲವತ್ಮೂರನೇ ಇಸವಿಯಲ್ಲಿ ಯುದ್ಧದ ದೆಸೆಯಿಂದ ಬಟ್ಟೆಗೆ ಕಂಟ್ರೋಲು ಬಂತು. ಹೊನ್ನಾಳಿಯ ಜವಳಿ ವ್ಯಾಪಾರಿ ಜಯದೇವಪ್ಪನವರ ಅಂಗಡಿಯ ಕಪಾಟುಗಳೆಲ್ಲ ಬರಿದಾಗಿದ್ದವು. ಗೋಣೆಪ್ಪನ ಕೌದಿ ನೋಡಿ ಅವರಿಗೆ ದಾರಿ ಹೊಳೆಯಿತು. ಹಳೇ ಬಟ್ಟೆ ನಾನೇ ಕೊಡಿಸುತ್ತೇನೆ, ಎಷ್ಟು ಹೊಲಿದರೂ ಕೊಳ್ಳುತ್ತೇನೆ, ಚನ್ನಗಿರಿ ಜಗಳೂರಿನ ಅಂಗಡಿಗೂ ಕಳಿಸುತ್ತೇನೆ ಎಂದರು. ಅಂಗಡಿಯ ಹಿಂದಿನ ಹಜಾರದಲ್ಲಿ ಕುಳಿತಿದ್ದ ಅವರ ತಾಯಿ ಹನುಮಂತಮ್ಮನವರು ಬಾವಿಯ ಕತೆ ಕೇಳಿ ಕಣ್ಣೊರೆಸಿಕೊಂಡರು. ಅವರೂ ಗಂಡನನ್ನು ಕಳೆದುಕೊಂಡವರೇ, ಮೂವತ್ತು ವರ್ಷದ ಹಿಂದೆ.

ಗೋಣೆಪ್ಪ ಅಂದು ಗೆದ್ದವನಂತೆ ಮನೆಗೆ ಬಂದ. ತನ್ನ ಕೌದಿ ಜಗಳೂರಿಗೂ ಹೋಗುತ್ತದೆ, ತವರಿನವರು ನೋಡುತ್ತಾರೆ ಎಂದು ಕಾಟಮ್ಮ ಅಂದು ಅತ್ತೇಬಿಟ್ಟಳು.

ಎಂಟು ದಿನ ಕಳೆದಿರಬೇಕು. ಮಧ್ಯಾಹ್ನ, ಊರಿನವರೆಲ್ಲ ಹೊಲದಲ್ಲಿದ್ದರು. ಗೋಣೆಪ್ಪ ಜಗುಲಿಯ ಮೇಲೆ ಹಳೇ ಪಂಚೆ ಹರಿಯುತ್ತ ಕುಳಿತಿದ್ದಾಗ ಮನೆ ಮುಂದೆ ಕಮಾನು ಗಾಡಿ ನಿಂತಿತು. ಜಯದೇವಪ್ಪ ಇಳಿದು ತಾಯಿಗೆ ಕೈ ಕೊಟ್ಟರು.

"ಗೋಣೆಪ್ಪ, ಅವ್ವ ಆ ಹೆಣ್ಣುಮಗಳನ್ನ ನೋಡ್ಬೇಕಂತೆ. ಬ್ಯಾಡ ಅಂದ್ರೂ ಕೇಳವಲ್ಲಳು."

ಹನುಮಂತಮ್ಮನವರ ಕೈಯಲ್ಲಿ ಮಡಚಿದ ಬಿಳಿ ಸೀರೆಯಿತ್ತು. "ಪಾಪ, ಬಾವ್ಯಾಗೆ ಕಲ್ಲು ಬಿದ್ದು ಗಂಡ ಹೋದನಂತಲ್ಲ, ಆಕೆ ಮನೆ ಯಾವುದಪ್ಪ? ಇದನ್ನ ನನ್ನ ಕೈಯಾರೆ ಕೊಡ್ಬೇಕು," ಎಂದರು. ಮುದುಕಿಯ ದನಿ ದೊಡ್ಡದು. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

ಗೋಣೆಪ್ಪ ಎದ್ದು ನಿಂತ. ನಿಜ ಹೇಳಲು ಅವನಿಗೆ ಹೊತ್ತಿತ್ತು. ಮುದುಕಿ ಗಾಡಿಯಿಂದ ಜಗುಲಿಯವರೆಗೆ ನಿಧಾನವಾಗಿ ನಡೆದು ಬರುವಷ್ಟು, ಕೂತು ಉಸಿರು ಬಿಡುವಷ್ಟು ಹೊತ್ತಿತ್ತು. ಬಾಯಿ ಬಿಡಲಿಲ್ಲ. ಊರಿನವರು ಯಾರೂ ಇಲ್ಲವಲ್ಲ, ಪುಣ್ಯ ಎಂದುಕೊಂಡ. ಎಂಥ ಹೊತ್ತಿನಲ್ಲಿ ಎಂಥ ಯೋಚನೆ ನೋಡಿ.

ಬಾಗಿಲಲ್ಲಿ ಕಾಟಮ್ಮ ಬಂದು ನಿಂತಳು. ತಲೆ ಮೇಲೆ ಸೆರಗು ಹೊದ್ದಿದ್ದಳು, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಬೆಳಿಗ್ಗೆ ಕಾಸಗಲ ಕುಂಕುಮವಿದ್ದ ಹಣೆ ಬರಿದಾಗಿತ್ತು. ಅವಸರದಲ್ಲಿ ಒರೆಸಿದ್ದರಿಂದ ಹುಬ್ಬಿನ ಪಕ್ಕ ರೊಟ್ಟಿಯ ಹಿಟ್ಟು ಮೆತ್ತಿಕೊಂಡಿತ್ತು.

"ನಾನೇ ಅವ್ವ, ಆ ಹೆಣ್ಣುಮಗಳು," ಎಂದಳು.

ಬಾವಿಯ ತಳದಲ್ಲಿ ಕಲ್ಲು ಬಿದ್ದಾಗಲೂ ಗೋಣೆಪ್ಪನಿಗೆ ಹೀಗಾಗಿರಲಿಲ್ಲ. ಹನುಮಂತಮ್ಮನವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು. ಮಕ್ಕಳೆಷ್ಟು ಎಂದು ಕೇಳಿದರು, ಹೊಲಿಗೆ ಹೊಗಳಿದರು.

"ಕೌದಿ ಮೂಲ್ಯಾಗೆ ಏನೋ ಗಟ್ಟಿ ಐತಲ್ಲವ್ವ?"

"ರೊಟ್ಟಿ ಚೂರು. ನಮ್ಮ ತವರಿನ ಪದ್ಧತಿ."

"ಹೌದಾ? ಅಲ್ಲೇ ಕೆಂಪು ಕಲೆ ಐತೆ. ಏನೋ ಉಜ್ಜಿ ತೆಗೆದಂಗೆ."

ಕಾಟಮ್ಮ ಆಗ ಗಂಡನ ಕಡೆ ನೋಡಿದಳು. ಅಂದು ಅವಳು ಅವನನ್ನು ನೋಡಿದ್ದು ಅದೊಂದೇ ಸಲ. ಗೋಣೆಪ್ಪ ನೆಲ ನೋಡಿದ.

"ಬಟ್ಟೆ ಬಣ್ಣ ಬಿಟ್ಟಿರ್ಬೇಕು," ಎಂದಳು.

ಹನುಮಂತಮ್ಮನವರು ಗೋಣೆಪ್ಪನತ್ತ ತಿರುಗಿ, "ಇವನು ನಿನಗೇನಾಗ್ಬೇಕು?" ಎಂದರು.

"ಇದೇ ಊರೋರು. ಕಾಲು ಸರಿ ಇಲ್ಲ. ಎರಡು ಹೊತ್ತು ಇಲ್ಲೇ ಉಣ್ತಾರೆ."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮುದುಕಿ ಬಿಳಿ ಸೀರೆಯನ್ನು ಅವಳ ಮಡಿಲಿಗಿಟ್ಟರು. ಅವಳು ಸೆರಗಿನೊಳಗಿನಿಂದಲೇ ಕೈಯೊಡ್ಡಿ ತೆಗೆದುಕೊಂಡಳು. ಒಳಗೆ ಬಳೆ ಸಣ್ಣಗೆ ಸದ್ದು ಮಾಡಿತು. ಹನುಮಂತಮ್ಮನವರು ಆ ಸೆರಗಿನ ಕಡೆಗೊಮ್ಮೆ ನೋಡಿ, ಎದ್ದು ಗಾಡಿ ಹತ್ತಿದರು.

ಗಾಡಿ ಮರೆಯಾದ ಮೇಲೆ ಗೋಣೆಪ್ಪ ಒಳಗೆ ಬಂದು, "ಕಾಟಿ, ಕುಂಕುಮ ಹಚ್ಕಳೇ. ಕಾಲಿಗೆ ಬೀಳ್ತೀನಿ," ಎಂದ. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಒಳ್ಳೆಯದಿತ್ತು. ತಲೆ ಮೇಲೆ ನೀರು ಹೊಯ್ದುಕೊಂಡು ಬಂದಳು, ಕುಂಕುಮ ಇಟ್ಟುಕೊಂಡಳು, ಉಳಿದ ಹಿಟ್ಟನ್ನು ತಟ್ಟಿ ಬೇಯಿಸಿ ಅವನಿಗೆ ಬಡಿಸಿದಳು. ಅಂದಿನ ರೊಟ್ಟಿ ಮಾತ್ರ ಅವನಿಗೆ ಇಳಿಯಲಿಲ್ಲ.

ಆ ವಾರ ಕೈಯಲ್ಲಿದ್ದ ಕೌದಿ ಮುಗಿಯಿತು. ಕೊನೆಯ ಮೂಲೆಗೆ ರೊಟ್ಟಿ ಚೂರಿಟ್ಟು ಹೊಲಿದು, ದಾರ ಕಡಿದು, ಮಡಚಿ ಅವನ ಮುಂದಿಟ್ಟಳು.

"ಕುಂಕುಮ?" ಎಂದ ಗೋಣೆಪ್ಪ, ಕೇಳಿಯೂ ಕೇಳದಂತೆ.

"ದಾರ್ಯಾಗೆ ನೀವು ಹೆಂಗೂ ಒರೆಸ್ತೀರಿ. ನಾನೇ ಬಿಟ್ಟೀನಿ," ಎಂದಳು ಕಾಟಮ್ಮ.

ಗೋಣೆಪ್ಪ ಗಂಟು ಕಟ್ಟಿಕೊಂಡು ಹೊರಟ. ಗೂಡಿನಲ್ಲಿದ್ದ ಕುಂಕುಮದಿಂದ ಒಂದು ಚಿಟಿಕೆಯನ್ನು ಎಲೆಯಲ್ಲಿ ಕಟ್ಟಿಕೊಂಡಿದ್ದ, ಬಿಳಿ ಸೀರೆಯನ್ನೂ ಗಂಟಿನೊಳಗೆ ಹಾಕಿಕೊಂಡಿದ್ದ. ಹಳ್ಳದ ಹತ್ತಿರ ನಿಂತು, ಇಷ್ಟು ದಿನ ಉಜ್ಜುತ್ತಿದ್ದ ಅದೇ ಹೆಬ್ಬೆರಳಿನಿಂದ ಕೌದಿಯ ಮೂಲೆಗೆ ಕುಂಕುಮ ಒತ್ತಿದ. ವಕ್ರವಾಗಿ ಹತ್ತಿತು.

ಜಯದೇವಪ್ಪನವರ ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಗೋಣೆಪ್ಪನ ದುರದೃಷ್ಟಕ್ಕೆ, ಅಥವಾ ಅವನಿಗೆ ತಕ್ಕುದಾಗಿಯೇ, ಅವರಲ್ಲಿ ಚಿಕ್ಕಹನುಮಂತಪ್ಪನೂ ಇದ್ದ. ಅವನು ಹೋಗಲಿ ಎಂದು ಗೋಣೆಪ್ಪ ಹೊರಗೆ ಸ್ವಲ್ಪ ಹೊತ್ತು ನಿಂತ. ಅವನು ಹೋಗಲಿಲ್ಲ. ಕೊನೆಗೆ ಒಳಗೆ ಹೋಗಿ ಕೌದಿಯನ್ನು ಹಾಸಿ, ಬಿಳಿ ಸೀರೆಯನ್ನು ಅದರ ಮೇಲಿಟ್ಟ.

"ಸಾವ್ಕಾರ್ರೆ, ಇದನ್ನ ಹೊಲಿದಾಕಿ ನನ್ನ ಹೆಂಡ್ತಿ. ಸತ್ತೋನು ನಾನೇ. ಹೆಂಡ್ತಿ ದುಡಿಮೆ ಉಣ್ತೀನಿ ಅನ್ನಾಕೆ ನಾಚಿ ಹಂಗಂದಿದ್ದೆ."

ಯಾರೂ ನಗಲಿಲ್ಲ, ಚಿಕ್ಕಹನುಮಂತಪ್ಪ ಕೂಡ. ಜಯದೇವಪ್ಪನವರ ಮುಖ ಕೆಂಪಾಯಿತು. "ನಾನೂ ಅದೇ ಕತೆ ಹೇಳಿ ಮಾರೀನಲ್ಲೋ, ನನ್ನ ಮರ್ಯಾದೆ ಏನಾಯ್ತು?" ಎಂದು ಒರಟಾಗಿ ಹೇಳಿ, ಕೌದಿಯನ್ನು ಎಳೆದು ಕಪಾಟಿನಲ್ಲಿಟ್ಟರು. ಬೇಡವೆನ್ನಲಿಲ್ಲ, ಕೌದಿ ಅಷ್ಟು ಚೆನ್ನಾಗಿತ್ತು.

ಹನುಮಂತಮ್ಮನವರು ಹಜಾರದಿಂದ ಎದ್ದು ಬಂದು ಸೀರೆ ಕೈಗೆತ್ತಿಕೊಂಡರು.

"ನನಗೆ ಅವತ್ತೇ ಗೊತ್ತಾಯ್ತು ಕಣಪ್ಪ," ಎಂದರು. "ಅಷ್ಟು ವರ್ಷ ಕುಂಕುಮ ಹೊತ್ತ ಹಣೆ ಒಂದು ಗಳಿಗೆಗೆ ಬರಿದಾಗಲ್ಲ. ನಾನು ಒರೆಸಿಕೊಂಡಾಗ ನನ್ನ ಗಂಡ ಸತ್ತಿದ್ದ. ಅವಳು ಒರೆಸಿಕೊಂಡಾಗ ನೀನು ಎದುರಿಗೇ ನಿಂತಿದ್ದೆ."

ಗೋಣೆಪ್ಪ ಖಾಲಿ ಗಂಟಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಎರಡು ಹರದಾರಿ ದಾರಿಯುದ್ದಕ್ಕೂ ಆ ಮಾತು ಅವನ ಹಿಂದೆಯೇ ಬಂತು. ಆದರೂ ಮನೆ ಹತ್ತಿರವಾದಂತೆ ಒಂದು ಆಸೆ ಇಣುಕಿತು. ಈ ಸಲ ಅವಳು ಕೇಳಿದರೆ ನಿಜ ಹೇಳಬಹುದು.

ಕಾಟಮ್ಮ ಕಾಲಿಗೆ ನೀರು ಕೊಟ್ಟಳು. ಅವನು ನಿಧಾನವಾಗಿ ಕಾಲು ತೊಳೆದ, ಚೊಂಬು ಕೆಳಗಿಟ್ಟ, ಕಾದ. ಅವಳು ಏನೂ ಕೇಳದೆ ಚೊಂಬು ಎತ್ತಿಕೊಂಡು ಒಳಗೆ ಹೊರಟಳು.

"ಯಾರು ಹೊಲಿದದ್ದು ಅಂತ ಕೇಳಿದ್ರು," ಎಂದ ಗೋಣೆಪ್ಪ ತಾನೇ. "ನನ್ನ ಹೆಂಡ್ತಿ ಅಂದೆ."

ಕಾಟಮ್ಮ ಹೊಸ್ತಿಲ ಮೇಲೆ ನಿಂತಳು, ತಿರುಗಲಿಲ್ಲ.

"ಹೋದ ಸಲಾನೂ ಹಂಗೇ ಅಂದಿದ್ರಿ," ಎಂದಳು.