ಮಧ್ಯಾಹ್ನದ ಸಾಲುಗಳು

ಹಗಲು ಮಲಗುವವರು ಎರಡೇ ಬಗೆ ಎಂದು ಚನ್ನವ್ವ ಅರವತ್ತಮೂರು ವರ್ಷ ನಂಬಿದ್ದಳು: ಬಾಣಂತಿಯರು ಮತ್ತು ಜ್ವರ ಬಂದವರು. ರಾಮದುರ್ಗದ ಅವಳ ಪಡಸಾಲೆಯಲ್ಲಿ ಕೌದಿ ಹೊಲಿಯಲು ಕೂತವರು ಈ ಎರಡಕ್ಕೂ ಸೇರಿದವರಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು, ಅಂಚಿನಿಂದ ನಡುವಿನ ಕಡೆಗೆ ಸಾಲು ಹಿಡಿದು ಹೊಲಿಯುವ ಕೆಲಸ ಅದು. ಚನ್ನವ್ವನ ಸಾಲು ಗೆರೆ ಎಳೆದಂತಿರುತ್ತಿತ್ತು. ಸುತ್ತಲಿನ ಊರವರು ಸೀರೆಯ ಗಂಟು ಹೊತ್ತು ಬರುತ್ತಿದ್ದುದೇ ಅದಕ್ಕಾಗಿ.

ಈ ಸಲದ ಗಂಟು ಸವದತ್ತಿಯ ನಾಗರತ್ನಾ ಟೀಚರದು. ತೀರಿಹೋದ ಅವರ ತಾಯಿ ಉಟ್ಟು ಬಿಟ್ಟ ಏಳು ಸೀರೆಗಳು. ಈಗ ಟೀಚರ ಮಗಳಿಗೆ ಕೂಸು ಹುಟ್ಟಿತ್ತು. ಶುಕ್ರವಾರ ಬೆಳಗ್ಗೆ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮುತ್ತಜ್ಜಿಯ ಸೀರೆಗಳು ಅದರ ಮೈಕೆಳಗಿರಬೇಕು. ಅದಕ್ಕೆ ಟೀಚರು ಗುರುವಾರವೇ ಬಂದು ಸಂಜೆ ಐದರ ಬಸ್ಸಿಗೆ ಕೌದಿ ಒಯ್ಯಬೇಕು.

"ಅವ್ವನ ಸೀರಿ, ಮತ್ತ ಸಿಗೂದಿಲ್ಲರಿ. ಅದಕ್ಕ ನಿಮ್ಮ ಕೈಯಾಗ ಕೊಡಾಕತ್ತೇನಿ" ಎಂದಿದ್ದರು ಟೀಚರು. ಚನ್ನವ್ವ ಮಾತು ಕೊಟ್ಟಿದ್ದಳು.

ಗುರುವಾರ ಬಂತು. ಊಟ ಮುಗಿಸಿ ಮಜ್ಜಿಗೆ ಕುಡಿದ ಮೇಲೆ ಎದುರು ಮೂಲೆಯ ಸಾವಿತ್ರೆವ್ವ ಗೋಡೆಗೆ ಒರಗಿದಳು.

"ಚನ್ನವ್ವಕ್ಕ, ಒಂದ ಹತ್ತ ನಿಮಿಷ ಕಣ್ಣ ಮುಚ್ಚಲೇನ?"

"ಮುಚ್ಚವಾ. ಸಂಜಿಕ ಟೀಚರ ಬಂದಾಗ ನಾ ಮಾರಿ ಮುಚ್ಚಿಕೋತೇನಿ."

ಮೂರನೆಯ ಮೂಲೆಯಲ್ಲಿದ್ದ ಸೊಸೆ ಶಿವಾನಿ ನಕ್ಕಳು. "ಅತ್ತಿ, ನಮ್ಮಪ್ಪ ಬಸ್ ಡ್ರೈವರ್. ಬೈಲಹೊಂಗಲದಾಗ ಗಾಡಿ ನಿಂತ್ರ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಕಾಲ ತಾಸ ಮಲಗತಾನ. ಇಪ್ಪತ್ತೆಂಟ ವರ್ಷಾತು, ಒಂದ ನಾಯಿ ಮ್ಯಾಲೂ ಹಾಯಿಸಿಲ್ಲ."

"ನಿಮ್ಮಪ್ಪನ ಕೈಯಾಗ ಬಸ್ ಐತಿ, ನಮ್ಮ ಕೈಯಾಗ ಸೂಜಿ. ಇದರ ಕೆಳಗ ಯಾವ ನಾಯಿ ಬರತೈತಿ? ಹೊಲಿ ಸುಮ್ನ."

ಪಕ್ಕದ ಮೂಲೆಯ ಲಗಮವ್ವ ಹೊಲಿಯುತ್ತಲೇ ಇದ್ದಳು. ಮೂವತ್ತು ವರ್ಷದಿಂದ ಜೊತೆಗೆ ಹೊಲಿಯುವವಳು, ಮಾತು ಕಡಿಮೆ.

ಏಪ್ರಿಲ್‌ನ ಬಿಸಿಲು. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಚನ್ನವ್ವನ ಸೂಜಿ ನಡೆದೇ ಇತ್ತು, ಕನಿಷ್ಠ ಅವಳು ಹಾಗೆ ತಿಳಿದಿದ್ದಳು. ಎರಡೂವರೆಗೆ ನೀರು ಕುಡಿಯಲೆಂದು ಎದ್ದಳು. ಅವಳ ಜೊತೆಗೆ ಕೌದಿಯೂ ಎದ್ದಿತು.

ತೊಡೆಯ ಮೇಲೆ ಹರವಿಕೊಂಡ ಕೌದಿಗೆ ಅವಳು ತಾನು ಉಟ್ಟ ಸೀರೆಯನ್ನೇ ಒಂದು ಗೇಣು ಸೇರಿಸಿ ಹೊಲಿದುಬಿಟ್ಟಿದ್ದಳು!

"ಯಕ್ಕಾ, ಟೀಚರು ಕೌದಿ ಅಷ್ಟ ಒಯ್ಯಬೇಕೋ, ನಿನ್ನೂ ಒಯ್ಯಬೇಕೋ?" ಎಂದಳು ಸಾವಿತ್ರೆವ್ವ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಚನ್ನವ್ವನೂ ನಕ್ಕಳು.

ಲಗಮವ್ವ ಕತ್ತರಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಸೀರೆ ಬಿಡಿಸಿದಳು. ಆಮೇಲೂ ಅವಳ ಕೈ ನಿಲ್ಲಲಿಲ್ಲ. ಮೇಲಿನ ಒಂದು ಸಾಲಿಗೆ ಹೋಯಿತು, ಅದನ್ನೂ ಬಿಚ್ಚತೊಡಗಿತು. ಹುಡುಕಲಿಲ್ಲ, ಕಣ್ಣಿಟ್ಟು ನೋಡಲೂ ಇಲ್ಲ. ಬೆಳಗಿನ ಸಾಲುಗಳನ್ನು ಮುಟ್ಟಲೂ ಇಲ್ಲ.

"ಅದನ್ಯಾಕ ಬಿಚ್ಚತಿ?"

"ಎಳಿ ಸಡ್ಲ ಆಗಿತ್ತಕ್ಕ."

"ನೋಡದನ ನಿನಗ ಹೆಂಗ ಗೊತ್ತಾತು?"

ಲಗಮವ್ವ ಕತ್ತರಿ ಕೆಳಗಿಟ್ಟಳು. ಚನ್ನವ್ವನಿಗೆ ಒಮ್ಮೆಲೆ ತಿಳಿಯಿತು. ದಿನಾ ಸಂಜೆ ತಾನು ದೀಪ ಹಚ್ಚಲು ಒಳಗೆ ಹೋದಾಗ ಇವಳು ಕೌದಿ ಮಡಿಚುವ ನೆವದಲ್ಲಿ ಉಳಿದು ಸಡಿಲ ಸಾಲುಗಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಎಷ್ಟ ದಿನದಿಂದ?"

"ದೀವಳಗಿ ಆದ ಮ್ಯಾಲಿಂದ" ಎಂದಳು ಲಗಮವ್ವ, ಉಳಿದವರಿಗೆ ಕೇಳದಷ್ಟು ಮೆಲ್ಲಗೆ. "ಮುಂಜಾನಿ ಸಾಲಿಗೆ ನಾ ಕೈ ಹಚ್ಚಿಲ್ಲಕ್ಕ. ಅವು ಮೊದಲಿನಂಗ ಅದಾವ. ಊಟಾದ ಮ್ಯಾಲಿನವು ಅಷ್ಟ ಸೊಟ್ಟ ಆಗತಾವ."

ಆರು ತಿಂಗಳು. ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಚನ್ನವ್ವನಿಗೆ ಮೊದಲು ಅನಿಸಿದ್ದು, ತನ್ನ ಕೈ ಹೋಯಿತು, ಟೀಚರು ತಾಯಿಯ ಸೀರೆ ನಂಬಿ ಕೊಟ್ಟ ಕೈ. ಮರುಕ್ಷಣವೇ ಲಗಮವ್ವನ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಕೇಳಿದಳು. ಮುಂಜಾನೆಯವು ಮೊದಲಿನಂತಿವೆ. ಹಾಗಾದರೆ ಕೈ ಹೋಗಿಲ್ಲ, ದಣಿದಿದೆ ಅಷ್ಟೆ.

ಇನ್ನು ಬಿಚ್ಚಿದ ಎರಡು ಸಾಲು, ನಡುವಿನ ಒಂದು ಸಾಲು ಉಳಿದಿದ್ದವು. ಗಡಿಯಾರ ಮೂರಕ್ಕೆ ಹತ್ತು ನಿಮಿಷ ಎನ್ನುತ್ತಿತ್ತು.

"ಎಲ್ಲಾರೂ ಸೂಜಿ ತಗದಿಡ್ರಿ" ಎಂದಳು. "ಶಿವಾನಿ, ನಿಮ್ಮಪ್ಪ ಎಷ್ಟ ಹೊತ್ತ ಮಲಗತಾನಂದಿ?"

"ಕಾಲ ತಾಸ."

"ಮೊಬೈಲ್‌ದಾಗ ಇಪ್ಪತ್ತ ನಿಮಿಷಕ್ಕ ಗಂಟಿ ಇಡು. ನಾ ಹೊಸಬಾಕಿ, ಐದ ನಿಮಿಷ ಜಾಸ್ತಿ ಬೇಕು."

ನಿದ್ದೆ ಬರಲಾರದು ಎಂದುಕೊಂಡೇ ಚಾಪೆಯ ಮೇಲೆ ಉರುಳಿದಳು. ಮುಖಕ್ಕೆ ಬಿಸಿಲು ಬೀಳದಂತೆ ಯಾರೋ ಕಿಟಕಿಯ ಬಾಗಿಲು ಮುಚ್ಚಿದ್ದು ಗೊತ್ತಾಯಿತು. ಆಮೇಲೆ ಗೊತ್ತಾದದ್ದು ಗಂಟೆಯ ಸದ್ದೇ.

ಕಣ್ಣು ಬಿಟ್ಟರೆ ಹೊಸ್ತಿಲ ಆಚೆ, ಚೀಲ ತೊಡೆಯ ಮೇಲಿಟ್ಟುಕೊಂಡು ನಾಗರತ್ನಾ ಟೀಚರು ಕೂತಿದ್ದರು! ಬೇಗನೆ ಬಸ್ಸು ಸಿಕ್ಕಿತಂತೆ.

"ಅಯ್ಯ, ಎಬ್ಬಿಸಬಾರದೇನ್ರಿ?"

"ಮಲಗಿದವರನ್ನ ಎಬ್ಬಸಾಕ ನಾ ಏನ ಕ್ಲಾಸಿನ್ಯಾಗ ಅದೇನೇನ್ರಿ?" ಎಂದು ಟೀಚರು ನಕ್ಕರು.

ಚನ್ನವ್ವ ನೆವ ಹೇಳಲಿಲ್ಲ. "ಮೂರ ಸಾಲ ಉಳದಾವ್ರಿ. ಐದರ ಬಸ್ಸಿಗೆ ಕೌದಿ ಕೊಟ್ಟ ಕಳಸತೇನಿ. ಒಳಗ ಬರ್ರಿ, ಕುಂದರ್ರಿ."

ಮುಖ ತೊಳೆದು ಕೂತಳು. ತಲೆ ಹಗುರವಾಗಿತ್ತು. ಸೀರೆಯ ಸಣ್ಣ ಚುಕ್ಕೆಗಳು ಒಂದೊಂದೂ ಬಿಡಿಯಾಗಿ ಕಾಣುತ್ತಿದ್ದವು, ಸೂಜಿ ಅವುಗಳ ನಡುವೆ ತಾನೇ ದಾರಿ ಮಾಡಿಕೊಂಡು ಹೋಯಿತು. ನಾಲ್ಕೂವರೆಗೆ ಕೊನೆಯ ಗಂಟು ಬಿತ್ತು.

"ಲಗಮವ್ವ, ಬಾ ಇಲ್ಲೆ. ಊಟಾದ ಮ್ಯಾಲಿನ ಸಾಲ ನೋಡು."

ಲಗಮವ್ವ ಟೀಚರ ಕಡೆ ನೋಡಿ ಹಿಂಜರಿದಳು.

"ಎಲ್ಲಾರ ಮುಂದನ ನೋಡವಾ."

ಲಗಮವ್ವ ಹೆಬ್ಬೆರಳನ್ನು ಸಾಲಿನ ಮೇಲೆ ಓಡಿಸಿದಳು. ಒಂದು, ಎರಡು. ಮೂರನೆಯದರ ನಡುವೆ ಬೆರಳು ನಿಂತಿತು. ಚನ್ನವ್ವ ಮುಂದಕ್ಕೆ ಬಗ್ಗಿದಳು.

"ಇಲ್ಲೊಂದ ಹೊಲಿಗಿ ತುಸು ಉದ್ದ ಆಗೇತಿ."

"ಬಿಚ್ಚು ಹಂಗಾರ."

"ಒಂದಕ್ಕ ಯಾರ ಬಿಚ್ಚತಾರ? ಕೂಸ ಏನ ಟೇಪ್ ಹಿಡದ ಅಳಿತೈತೇನ?"

ಚನ್ನವ್ವ ಜೋರಾಗಿ ನಕ್ಕಳು. ಟೀಚರು ಕೌದಿಯನ್ನು ಎದೆಗೆ ಒತ್ತಿ ಹಿಡಿದು, ತಾಯಿಯ ಹಸಿರು ಸೀರೆ ಇದ್ದ ಜಾಗವನ್ನು ಒಮ್ಮೆ ಸವರಿ, ಐದರ ಬಸ್ಸಿಗೆ ಹೊರಟರು.