ಕಾನಾದಲ್ಲಿ ಕೊಡದ ಮಾತು

ಫಾದರ್ ಎರಡನೇ ಸಲ ಕೇಳಿದರು. ಮೊದಲ ಸಲ, ಎಲ್ಲರನ್ನೂ ಕೇಳಿದಂತೆ, ತಮಿಳಿನಲ್ಲಿ ಕೇಳಿದ್ದರು. ಆರೋಗ್ಯಮ್ಮನಿಗೆ ತಿಳಿಯಲಿಲ್ಲವೇನೋ ಎಂದುಕೊಂಡು ಈಗ ಕನ್ನಡದಲ್ಲಿ, ಒಂದೊಂದೇ ಪದ ಬಿಡಿಸಿ, "ಚೌರಪ್ಪನವರನ್ನ ನಿಮ್ಮ ಗಂಡನಾಗಿ ಮತ್ತೆ ಒಪ್ಪಿಕೊಳ್ಳೋಕೆ ನಿಮಗೆ ಸಮ್ಮತವೇನಮ್ಮ?" ಎಂದರು.

ಆರೋಗ್ಯಮ್ಮ ಪೀಠದ ಕಡೆಗೇ ನೋಡುತ್ತಿದ್ದಳು.

ಗಡಿಯಾಚೆಯ ಹೊಸೂರು, ಮತ್ತಿಗಿರಿ ಕಡೆಯಿಂದ ಯೇಸುಸ್ವಾಮಿಯ ನಾಡಿಗೆ ಯಾತ್ರೆ ಬಂದ ಹನ್ನೊಂದು ಜೋಡಿಗಳು ಕಾನಾ ಊರಿನ ಚರ್ಚಿನಲ್ಲಿ ಪೀಠದ ಮುಂದೆ ಸಾಲಾಗಿ ನಿಂತಿದ್ದವು. ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ ಮದುವೆಮನೆ ಇದ್ದದ್ದು ಇಲ್ಲೇ ಎಂದು ನಂಬಿಕೆ. ಅದಕ್ಕೇ ಇಲ್ಲಿಗೆ ಬರುವ ಗಂಡಹೆಂಡಿರು ಮದುವೆಯ ದಿನ ಕೊಟ್ಟ ಮಾತನ್ನು ಇನ್ನೊಮ್ಮೆ ಕೊಟ್ಟು ಹೋಗುತ್ತಾರೆ. ಎಂಟು ಜೋಡಿಗಳದು ಮುಗಿದಿತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು, ಒಬ್ಬಾಕೆ ಅತ್ತಿದ್ದಳು. ಚೌರಪ್ಪ ತನ್ನ ಸರದಿ ಬಂದಾಗ ಹಾಜರಿಗೆ ಓಗೊಟ್ಟವನಂತೆ ಜೋರಾಗಿ "ಸಮ್ಮತ" ಎಂದಿದ್ದ.

ಈಗ ಅವನು ಹೆಂಡತಿಯ ಮೊಣಕೈ ತಿವಿದ. "ಹೇಳೇ."

"ನನ್ ಕೈಲಾಗಕಿಲ್ಲ ಫಾದರ್," ಎಂದಳು ಆರೋಗ್ಯಮ್ಮ. ದನಿ ಸಣ್ಣದೇ. ಆದರೆ ಕಲ್ಲಿನ ಗೋಡೆಗಳ ಚರ್ಚು, ಎಲ್ಲರಿಗೂ ಕೇಳಿಸಿತು. "ಮುಂದಿನೋರ್ನ ಕೇಳಿ."

ಫಾದರ್ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಮುಂದಿನ ಜೋಡಿಯ ಕಡೆ ಹೊರಳಿದರು.

ಪೂಜೆ ಮುಗಿದ ಮೇಲೆ ಉಳಿದವರು ಓಣಿಯ ಅಂಗಡಿಗಳಿಗೆ ನುಗ್ಗಿದರು. ಯಾರೂ ಈ ಇಬ್ಬರ ಕಡೆ ತಿರುಗಿ ನೋಡಲಿಲ್ಲ. ನೋಡದೇ ಇರುವುದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದದ್ದು ಚೌರಪ್ಪನಿಗೆ ಗೊತ್ತಾಗುತ್ತಿತ್ತು. ಮೂವತ್ತೆರಡು ವರ್ಷ ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಮತ್ತಿಗಿರಿಯ ಚರ್ಚಿನಲ್ಲಿ ಅವನ ಮಾತಿಗೆ ಒಂದು ತೂಕವಿತ್ತು. ಮಗ ಇಷ್ಟಪಟ್ಟು ಕಳಿಸಿದ ಯಾತ್ರೆ ಇದು.

ಚರ್ಚಿನ ಗೋಡೆಗೆ ಆತುಕೊಂಡ ಕಟ್ಟೆಯ ಮೇಲೆ ಆರೋಗ್ಯಮ್ಮ ಕೂತಿದ್ದಳು. ಅವನು ಎದುರಿಗೆ ನಿಂತ.

"ಅಷ್ಟು ಜನರ ಮುಂದೆ ಮಾನ ಕಳೆದ್ಬುಟ್ಟಲ್ಲೇ. ನಾನೇನು ಕುಡಿದ್ನಾ, ಹೊಡೆದ್ನಾ?"

"ಇಲ್ಲ."

"ಮತ್ತೆ?"

ಆರೋಗ್ಯಮ್ಮ ಚರ್ಚಿನ ಬಾಗಿಲ ಕಡೆ ನೋಡಿದಳು. ಒಳಗೆ ನೆಲಮಾಳಿಗೆಯಲ್ಲಿ ಗಾಜಿನ ಹಿಂದೆ ಇಟ್ಟಿದ್ದ, ಆ ಮದುವೆಯ ಕಾಲದ್ದೆನ್ನುವ ಕಲ್ಲಿನ ಬಾನಿಯನ್ನು ಬೆಳಿಗ್ಗೆಯೇ ನೋಡಿದ್ದಳು. ರಾಗಿ ನೆನೆಹಾಕೋ ಬಾನಿಯಂಗೇ ಐತೆ ಅನ್ನಿಸಿತ್ತೇ ಹೊರತು ಕೈ ಮುಗಿಯಬೇಕು ಅನ್ನಿಸಿರಲಿಲ್ಲ. ಆಮೇಲೆ ಫಾದರ್ ವಾಕ್ಯ ಓದಿದರು: ಕಾನಾ ಊರಿನಲ್ಲಿ ಒಂದು ಮದುವೆ ನಡೆಯಿತು, ಯೇಸುವಿನ ತಾಯಿ ಅಲ್ಲಿದ್ದಳು. ಮುಂದೆ ಓದಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

"ಮರಿಯಮ್ಮನೋರು ಯಾರ್ದೋ ಮದುವೆಗೆ ಬಂದು, ಆ ಮನೇಲಿ ಏನು ಕಮ್ಮಿ ಬಿತ್ತು ಅಂತ ನೋಡ್ಕೊಂಡ್ರು," ಎಂದಳು. "ನಾನು ಹೆತ್ತ ಮಗಳ ಮದುವೆ ದಿನ ಮನೇಲಿ ಕೂತು ಅವರೆಕಾಯಿ ಬಿಡಿಸ್ತಿದ್ದೆ."

ಚೌರಪ್ಪನ ಮುಖ ಬಿಗಿಯಿತು. ಮಗಳು ರೀಟಾ ಕಾಡಂಚಿನ ಸಾನಮಾವಿನ ನಂದೀಶನನ್ನು ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಹುಡುಗ ಹಿಂದೂ, ಹೊಲಮನೆಯವನು. ಮತ್ತಿಗಿರಿಯಿಂದ ಸಾನಮಾವಿಗೆ ಬಸ್ಸಿನಲ್ಲಿ ಹೊರಟರೆ ಒಂದು ಗಂಟೆ ಹಿಡಿಯುವುದಿಲ್ಲ.

"ಅವಳೇನು ನಮ್ಮನ್ನ ಒಂದು ಮಾತು ಕೇಳಿ ಆದ್ಳಾ?"

"ಕೇಳಿದ್ಳು. ಮೂರು ದಿನ ಊಟ ಬಿಟ್ಟು ಕೇಳಿದ್ಳು. ನೀವು ಬಾಗ್ಲು ಹಾಕ್ಕೊಂಡ್ರಿ." ಅವಳ ದನಿ ಏರಲಿಲ್ಲ. "ಆಮೇಲೆ ನನ್ನ ಕೈನ ಶಿಲುಬೆ ಮೇಲೆ ಇಡಿಸಿ, ಅವಳ ತಾವ ಮಾತಾಡಕಿಲ್ಲ ಅಂತ ಹೇಳಿಸಿದ್ರಿ. ಆ ಒಂದು ಮಾತ್ನ ಒಂಬತ್ತು ವರ್ಷ ಹೊತ್ಕೊಂಡಿವ್ನಿ. ದೇವರ ಮುಂದೆ ಇನ್ನೊಂದು ಮಾತು ಕೊಡಾಕೆ ನಂಗೆ ಭಯ. ಅಷ್ಟೇಯ."

ಅವನು ಓಣಿಯ ಆ ತುದಿಯವರೆಗೆ ನಡೆದು ಹೋದ. ಒಂದು ಅಂಗಡಿಯ ಮುಂದೆ ನಿಂತು ಏನನ್ನೂ ನೋಡದೆ ಮರಳಿ ಬಂದ. ಜನವರಿಯ ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು.

"ಅವಳು ನಿಂಗೆ ಯಾವತ್ತೂ ಫೋನ್ ಮಾಡಿಲ್ವಾ?"

"ಕ್ರಿಸ್ಮಸ್ ದಿನ ಮಾಡ್ತಾಳೆ, ಪ್ರತಿ ವರ್ಷ. ನಾನು ಎತ್ತಕಿಲ್ಲ. ನಿಲ್ಲೋಗಂಟ ನಂಬರ್ನೇ ನೋಡ್ತಾ ಕೂತಿರ್ತೀನಿ."

"ಐತಾ ನಂಬರು?"

ಅವಳು ಬಾಯಿಪಾಠ ಒಪ್ಪಿಸಿದಳು. ಚೌರಪ್ಪ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ತನ್ನ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿದ. ಎರಡು ಸಲ ತಪ್ಪಿತು. ಮೂರನೇ ಸಲ ರಿಂಗಾಯಿತು.

"ಅಲೋ, ಯಾರು?" ಎಂದಿತು ಆ ಕಡೆ.

ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ. "ಯಾರು ಮಾತಾಡೋದು?" ಎಂದು ರೀಟಾ ಇನ್ನೊಮ್ಮೆ ಕೇಳಿದಳು. ಅವನು ಫೋನನ್ನು ಹೆಂಡತಿಯ ಕೈಗೆ ತುರುಕಿದ.

"ತಗೋ. ಶಿಲುಬೆ ಮೇಲೆ ಕೈ ಇಡಿಸಿದ್ದು ನಾನೇ, ತೆಗೀತಿರೋನೂ ನಾನೇ. ಮಾತಾಡು."

ಆರೋಗ್ಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ರೀಟಾ" ಎಂದಳು. ಅಷ್ಟರಲ್ಲಿ ಫೋನಿನೊಳಗೆ ಢಮಾರ್ ಎಂದು ಏನೋ ಸಿಡಿಯಿತು.

"ಅಯ್ಯೋ! ಏನೇ ಅದು?"

"ಪಟಾಕಿ ಅಮ್ಮ," ಎಂದಳು ರೀಟಾ. "ಹೊಲಕ್ಕೆ ಆನೆ ಬಂದವೆ. ಇವ್ರೂ ಫಾರೆಸ್ಟ್‌ನೋರೂ ಓಡಿಸ್ತಾವ್ರೆ."

"ನೀನೆಲ್ಲಿದೀಯ? ಒಳಗಿದೀಯಾ?"

"ಒಳಗೇ ಇವ್ನಿ."

"ಬಾಗ್ಲು ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿವ್ನಿ ಅಮ್ಮ."

ಅದರ ಹಿಂದೆಯೇ, ಹತ್ತಿರದಲ್ಲಿ ಒಂದು ಮಗುವಿನ ದನಿ ಕೇಳಿತು. "ಯಾರಮ್ಮ ಫೋನ್ನಾಗೆ?" ಆರೋಗ್ಯಮ್ಮ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಮೊಣಕಾಲಿನವರೆಗೂ ಬಾಗಿದಳು.

ಓಣಿಯ ಕೊನೆಯಲ್ಲಿ ಯಾತ್ರೆಯ ಬಸ್ಸು ಹಾರನ್ ಹೊಡೆಯಿತು. ಎಲ್ಲರೂ ಹತ್ತಿಯಾಗಿತ್ತು. ಫಾದರ್ ಬಾಗಿಲಲ್ಲಿ ನಿಂತು ಕೈಬೀಸಿ ಕರೆದರು. ಚೌರಪ್ಪ ಎದ್ದು ದಾಪುಗಾಲು ಹಾಕಿ ಅಲ್ಲಿಗೆ ಹೋದ. ಬಸ್ಸು ಹತ್ತಲಿಲ್ಲ. ಅದರ ಮುಂದೆ, ರಸ್ತೆಯ ನಡುವೆ, ಡ್ರೈವರನಿಗೆ ಬೆನ್ನು ಕೊಟ್ಟು ನಿಂತ.

ಇನ್ನೊಂದು ಸಲ ಹಾರನ್ ಆಯಿತು. ಅವನು ಕದಲಲಿಲ್ಲ. ಕಟ್ಟೆಯ ಮೇಲೆ ಬಾಗಿ ಕೂತವಳನ್ನೇ ನೋಡುತ್ತಿದ್ದ.